ಅಟ್ಟದ ಮೇಲಿನ ಗೇಣಿ ಲೆಕ್ಕದ ಪುಸ್ತಕ: ಸ್ಕ್ಯಾನ್‌ಗೆ ಕೊಡೋದಾ, ಬೇಡವಾ?

ಅಟ್ಟದ_ಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ಊರು ಸಾಗರ ತಾಲ್ಲೂಕು, ಹೊಟ್ಟೆಪಾಡು ಬೆಂಗಳೂರು. ಹೋದ ತಿಂಗಳು ಮನೆ ಹಂಚು ಇಳಿಸಿ ರಿಪೇರಿ ಮಾಡಿಸುವಾಗ ಅಟ್ಟದಿಂದ ಅಜ್ಜನ ಟ್ರಂಕು ಕೆಳಗೆ ಬಂತು. ಒಳಗೆ ಲೆಕ್ಕದ ಪುಸ್ತಕ ಏಳು, ಒಂದು ಕಟ್ಟು ಪತ್ರ, ಗುಂಪು ಫೋಟೋ ನಾಲ್ಕು, ಮಡಚಿಟ್ಟ ಕಪ್ಪು ಬಟ್ಟೆಯ ಕಡತ ಒಂದು. ಎರಡು ಪುಸ್ತಕಕ್ಕೆ ಒರಲೆ (ಗೆದ್ದಲು) ಹಿಡಿದಿದೆ. ಇನ್ನೊಂದು ಮಳೆಗಾಲ ಕಳೆದ್ರೆ ಮಣ್ಣೇ.

ನಮ್ಮ ಕಡೆ ಹಳೇ ಕಾಗದಪತ್ರ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕುವ ಒಂದು ಟ್ರಸ್ಟ್ ಇದೆ. ದುಡ್ಡು ಕೇಳಲ್ಲ, ಕೊಡೋದೂ ಇಲ್ಲ. ಶಾಲೆ, ಹಾಲಿನ ಸೊಸೈಟಿ, ಮಹಿಳಾ ಸಂಘದವರನ್ನ ಜೊತೆಗೆ ಸೇರಿಸಿಕೊಂಡು ಊರೂರಲ್ಲಿ ಕ್ಯಾಂಪ್ ಮಾಡ್ತಾರೆ. ಇಬ್ಬರು ಮನೆಗೂ ಬಂದಿದ್ರು. ಅಮ್ಮ ಕಾಫಿ ಕೊಟ್ರು, ಟ್ರಂಕಿನ ಬೀಗದಕೈ ಕೊಡಲಿಲ್ಲ.

ಪುಸ್ತಕ ಆಚೆ ಬಂದ್ರೆ ಅದರಲ್ಲಿರೋರ ಮಾನ ಹೋಗುತ್ತೆ ಅನ್ನೋ ಅಮ್ಮನ ಅಂಜಿಕೆ ನಂಗೂ ಪೂರ್ತಿ ಸುಳ್ಳು ಅನ್ನಿಸಲ್ಲ. ಆ ಏಳರಲ್ಲಿ ಐದು ಗೇಣಿ ಲೆಕ್ಕ. ಯಾರು ಎಷ್ಟು ಖಂಡುಗ ಅಳೆದ್ರು, ಯಾರ ಬಾಕಿ ಎಷ್ಟು, ಮದುವೆಗೆ ಅಂತ ಯಾರು ಸಾಲ ತಗೊಂಡ್ರು, ಎಲ್ಲಾ ಹೆಸರು ಜಾತಿ ಸಮೇತ ಇದೆ. ಅವರ ಮೊಮ್ಮಕ್ಕಳು ಈಗಲೂ ಊರಲ್ಲಿದಾರೆ. ಇಬ್ಬರು ನನ್ನ ಕ್ಲಾಸ್‌ಮೇಟು.

ಕೊಡೋದಾ, ಬೇಡವಾ? ಕೊಟ್ಟವರು ಯಾರಾದ್ರೂ ಇದ್ದರೆ ಅನುಭವ ಹೇಳಿ.

ಶರಾವತಿ_ಹಿನ್ನೀರು
ಕೊಡಿ ಮಾರಾಯ್ರೆ, ಯೋಚನೆ ಎಂತಕ್ಕೆ? ನಮ್ಮ ಮನೆಯಲ್ಲಿ ಕೊಡೋಕೆ ಒಂದು ಚೀಟಿನೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ನಮ್ಮಜ್ಜಿ ದೇವರ ಫೋಟೋ, ಎರಡು ಹಂಡೆ, ದನ ಇಷ್ಟನ್ನೇ ಹೊಡ್ಕೊಂಡು ಬಂದಿದ್ದು. ಊರು, ಊರಿನ ಕಾಗದ ಎಲ್ಲಾ ನೀರಿನ ಅಡಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರು ಹಳೇ ಡ್ಯಾಮು ತಲೆ ಎತ್ತುತ್ತಲ್ಲ, ಅದನ್ನ ನೋಡೋಕೆ ಜನ ಕಾರು ತಗೊಂಡು ಬರ್ತಾರೆ. ನಮ್ಮಜ್ಜಿ ಒಂದ್ಸಲನೂ ಹೋಗಲಿಲ್ಲ. "ಅಲ್ಲಿ ಎಂತ ಇದ್ದು ನೋಡೂಕೆ" ಅಂತಿದ್ಲು.

ಹುಬ್ಬಳ್ಳಿ_ಮಂದಿ
ನಾ ಬ್ಯಾಡ ಅಂತೀನ್ರಿ. ನಮ್ಮ ಮನ್ಯಾಗ ಮೋಡಿ ಲಿಪಿಯೊಳಗ (ಹಿಂದಕ ಮರಾಠಿ ಬರಿಯಾಕ ಬಳಸ್ತಿದ್ದ ಲಿಪಿ) ಬರದ ಕಾಗದ ಒಂದು ಗಂಟು ಇದ್ದವು. ಇಪ್ಪತ್ತು ವರ್ಷದ ಹಿಂದ ಒಬ್ಬರು ಬಂದ್ರು, ಪಿಎಚ್‌ಡಿ ಮಾಡಾಕತ್ತೀನಿ ಅಂದ್ರು, ಅಪ್ಪಾರು ಗಂಟ ಕೊಟ್ಟು ಕಳಿಸಿದ್ರು. "ಹದಿನೈದು ದಿನದಾಗ ತಂದು ಕೊಡ್ತೀನ್ರಿ ಕಾಕಾ" ಅಂದವ್ರು ಇನ್ನೂ ಬರಾಕತ್ತಾರ. ಅಪ್ಪಾರು ತೀರಿಕೊಂಡು ಒಂಬತ್ತು ವರ್ಷ ಆತು.

ಲಿಪಿಕಾರ
ಹುಬ್ಬಳ್ಳಿಯವರೇ, ನಿಮಗಾದದ್ದು ಕಳ್ಳತನ. ಸ್ಕ್ಯಾನಿಂಗ್ ಅಲ್ಲ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ.

ನಾನು ಹತ್ತು ವರ್ಷದಿಂದ ಇಂಥ ಕೆಲಸಕ್ಕೆ ಸ್ವಯಂಸೇವಕನಾಗಿ ಹೋಗ್ತಿದೀನಿ (ನೀವು ಹೇಳ್ತಿರೋ ಟ್ರಸ್ಟ್ ಅಲ್ಲ, ಬೇರೆ ಕಡೆ). ಮೊದಲನೇ ಪಾಠ: ಮೂಲ ಪ್ರತಿ ಮನೆಯ ಹೊಸಿಲು ದಾಟಬಾರದು. ಕ್ಯಾಮೆರಾ ನಿಮ್ಮ ಜಗಲಿಗೆ ಬರಬೇಕು. ಬ್ರಿಟಿಷ್ ಲೈಬ್ರರಿಯವರು 2004ರಿಂದ ನಡೆಸ್ತಿರೋ 'ಎಂಡೇಂಜರ್ಡ್ ಆರ್ಕೈವ್ಸ್' ಯೋಜನೆಯಲ್ಲೂ ನಿಯಮ ಅದೇ. ಮೂಲ ಆ ದೇಶ ಬಿಟ್ಟು ಹೋಗೋ ಹಾಗಿಲ್ಲ, ಡಿಜಿಟಲ್ ಪ್ರತಿ ಒಂದು ಅಲ್ಲೇ ಸ್ಥಳೀಯವಾಗಿ ಉಳೀಬೇಕು. ಊರಿಗೆ ಊರಿನ ಪ್ರತಿ ಕೊಡದೆ ಹೋಗುವವರನ್ನ ಬಾಗಿಲಿಂದಲೇ ಕಳಿಸಿ.

ಎರಡನೇದು, ಲೆಕ್ಕದ ಪುಸ್ತಕ ಹೊಲಿದು ಕಟ್ಟಿದ್ದಾದ್ರೆ ಝೆರಾಕ್ಸ್ ಥರ ಬೋರಲು ಹಾಕಿ ಒತ್ತೋ ಸ್ಕ್ಯಾನರ್ ಬೇಡ, ಬೆನ್ನು ಮುರಿಯುತ್ತೆ. ಪುಸ್ತಕ ಅರ್ಧ ತೆರೆದು ಕೂರೋ ತೊಟ್ಟಿಲಿನಂಥ ಸ್ಟ್ಯಾಂಡು, ಮೇಲಿಂದ ಕ್ಯಾಮೆರಾ. ಮೂಲ ಚಿತ್ರ ಟಿಫ್‌ನಲ್ಲಿ ಇಟ್ಟುಕೊಂಡು, ನೋಡೋಕೆ ಮಾತ್ರ ಜೆಪೆಗ್. ಒರಲೆ ಹಿಡಿದಿದ್ದನ್ನ ಇವತ್ತೇ ಬೇರೆ ಮಾಡಿ, ಹಳೇ ಕಾಟನ್ ಬಟ್ಟೆಯಲ್ಲಿ ಸುತ್ತಿ ಗೋಡೆಗೆ ತಾಗದ ಹಾಗೆ ಇಡಿ. ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಶನ್ ಅಂತೂ ಕನಸಲ್ಲೂ ಬೇಡ. ಬಿಸಿಲಿಗೆ ಒಣಗಿಸ್ತೀನಿ ಅಂತ ಅಂಗಳದಲ್ಲಿ ಅಡಿಕೆ ಪಕ್ಕ ಹರಡಬೇಡಿ. ನಗಬೇಡಿ, ಹಾಗೆ ಹರಡಿದ್ದನ್ನ ಕಣ್ಣಾರೆ ನೋಡಿದೀನಿ.

ದೊಡ್ಡಬಳ್ಳಾಪುರ_ಸೀನ
ಲ್ಯಾಮಿನೇಶನ್ ಮಾಡಿಸ್ಬಿಟ್ಟಿದೀನಿ ಸಾರ್, ತಾತನ ಮದುವೆ ಲಗ್ನಪತ್ರಿಕೆ 😭

ಲಿಪಿಕಾರ
ಸೀನಪ್ಪಾ, ಇನ್ನು ಕೀಳೋಕೆ ಹೋಗಬೇಡ. ಹಾಗೇ ಇಟ್ಟು ಒಳ್ಳೆ ಫೋಟೋ ತೆಗೆದುಕೊ.

ಕಡಲ_ಕರೆ
ನಂದೊಂದು ಪ್ರಶ್ನೆ ಉಂಟು. ಇವರೆಲ್ಲ ಬಿಟ್ಟಿ ಬಿಟ್ಟಿ ಅಂತ ಹೇಳುವುದು ಸರಿ, ಆದರೆ ಸರ್ವರ್ ಬಾಡಿಗೆ ಯಾರಪ್ಪ ಕೊಡುವುದು? ಇವತ್ತು ದೇಣಿಗೆ ಬರ್ತದೆ. ನಾಳೆ ಟ್ರಸ್ಟ್ ಮುಚ್ಚಿದರೆ ವೆಬ್‌ಸೈಟೂ ಹೋಗ್ತದೆ. ನಮ್ಮ ಊರಿನ ಯಕ್ಷಗಾನದ ಪ್ರಸಂಗ ಪ್ರತಿಗಳನ್ನು ಒಂದು ಸೈಟಿನವರು ಹಾಕಿದ್ದರು, ಈಗ ಆ ವಿಳಾಸ ಒತ್ತಿದರೆ ಯಾವುದೋ ರಮ್ಮಿ ಆಟದ ಜಾಹೀರಾತು ಬರ್ತದೆ ಮಾರಾಯ್ರೆ. ತಾಳೆಗರಿ ಆದ್ರೆ ಮುನ್ನೂರು ವರ್ಷ ಬರ್ತದೆ, ಹಾರ್ಡ್‌ಡಿಸ್ಕ್ ಹತ್ತು ವರ್ಷ ಬಂದ್ರೆ ಪುಣ್ಯ.

ಲಿಪಿಕಾರ
ಸರಿಯಾದ ಪ್ರಶ್ನೆ. ಅದಕ್ಕೇ ತಮ್ಮ ಸೈಟಿನಲ್ಲಿ ಮಾತ್ರ ಇಟ್ಟುಕೊಳ್ಳೋರನ್ನ ನಂಬಬೇಡಿ ಅಂತೀನಿ. ಬೆಂಗಳೂರಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಬಳಗ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳನ್ನ ಇಂಟರ್‌ನೆಟ್ ಆರ್ಕೈವ್‌ಗೆ ಹಾಕುತ್ತೆ. ಆರ್ಕೈವ್ 1996ರಿಂದ ನಿಂತಿದೆ. ಬಳಗ ಇರಲಿ ಬಿಡಲಿ, ಪ್ರತಿ ಅಲ್ಲಿರುತ್ತೆ. ಜೊತೆಗೆ ಒಂದು ಪ್ರತಿ ನಿಮ್ಮ ಹತ್ರ, ಒಂದು ಊರ ಶಾಲೆ ಕಂಪ್ಯೂಟರಲ್ಲಿ. ಮೂರೂ ಒಟ್ಟಿಗೆ ಹಾಳಾಗೋದು ಕಷ್ಟ.

ಕಡಲ_ಕರೆ
ಶಾಲೆ ಕಂಪ್ಯೂಟರ್ ಅಂದಿರಲ್ಲ, ಅದಕ್ಕೆ ಕರೆಂಟ್ ಉಂಟಾ ಮೊದಲು ಕೇಳಿ.

ನ್ಯೂಜೆರ್ಸಿ_ಸಾಗರ
ಅಯ್ಯೋ ನಮ್ಮೂರ ಕಡೆಯವರು! ಹಿನ್ನೀರು ದಾಟಿಸ್ತಿದ್ದ ತುಮರಿ ಲಾಂಚಿನ ಹಳೇ ಫೋಟೋ ಯಾರ ಹತ್ರಾದ್ರೂ ಇದ್ಯಾ? ಬಸ್ಸು, ಜೀಪು, ದನ, ಮದುವೆ ದಿಬ್ಬಣ ಎಲ್ಲ ಒಂದೇ ಲಾಂಚಲ್ಲಿ ದಾಟ್ತಿದ್ದಿದ್ದು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯ್ತಲ್ಲ, ಲೈವ್ ನೋಡ್ತಾ ಇಲ್ಲಿ ಕೂತು ಅತ್ತಿದ್ದೆ. ಖುಷಿಗೋ ದುಃಖಕ್ಕೋ ಗೊತ್ತಾಗಲಿಲ್ಲ.

ಶರಾವತಿ_ಹಿನ್ನೀರು
ಖುಷಿಗೇ ಅಳಿ. ರಾತ್ರಿ ಹೆರಿಗೆ ನೋವು ಬಂದ್ರೆ ಲಾಂಚ್ ಇಲ್ದೇ ಏನಾಗ್ತಿತ್ತು ಅಂತ ಆಚೆ ದಡದವರನ್ನ ಕೇಳಿ. ಲಾಂಚಿನ ನೆನಪು ನಿಮಗೆ ಚೆಂದ, ರಜೆಗೆ ಬಂದು ಹೋಗೋರಿಗೆ.

ನ್ಯೂಜೆರ್ಸಿ_ಸಾಗರ
ಒಪ್ಪಿದೆ. ಬೈಸಿಕೊಳ್ಳೋಕೇ ಬಂದಿದ್ದೆ ಅನ್ಸುತ್ತೆ.

ಗೇಣಿ_ಮೊಮ್ಮಗಳು
ಲಾಂಚ್ ಬಿಡಿ, ವಿಷಯಕ್ಕೆ ಬನ್ನಿ.

ಅಟ್ಟದ_ಪೆಟ್ಟಿಗೆಯವರೇ, ನಾನು ಆ ಪುಸ್ತಕದ ಇನ್ನೊಂದು ಕಡೆಯವಳು. ನಮ್ಮಜ್ಜ ಗೇಣಿ ಒಕ್ಕಲು. ನಿಮ್ಮ ಮನೆಗಲ್ಲ, ಅದೇ ಸೀಮೆಯ ಬೇರೊಂದು ಒಡೆಯರ ಮನೆಗೆ. ಅವರ ಹೆಸರು ನಮ್ಮ ಮನೆಯ ಯಾವ ಕಾಗದದಲ್ಲೂ ಇಲ್ಲ. ಓದು ಬರಹ ಇರಲಿಲ್ಲ, ಫೋಟೋ ಇಲ್ಲ, ಹುಟ್ಟಿದ ವರ್ಷ ಗೊತ್ತಿಲ್ಲ. ಅವರು ಬದುಕಿದ್ರು ಅನ್ನೋದಕ್ಕೆ ಬರಹದಲ್ಲಿ ಎಲ್ಲಾದ್ರೂ ಗುರುತಿದ್ರೆ ಅದು ಒಡೆಯರ ಲೆಕ್ಕದ ಪುಸ್ತಕದಲ್ಲೇ. "ಇಂಥವನಿಂದ ಇಷ್ಟು ಕೊಳಗ ಬಾಕಿ" ಅಂತ. ಆ ಪುಸ್ತಕ ಒರಲೆ ತಿಂದ್ರೆ ನಿಮಗೆ ಅಜ್ಜನ ಅಕ್ಷರ ಹೋಯ್ತು. ನಮಗೆ ಅಜ್ಜನೇ ಹೋದ ಹಾಗೆ.

"ಅವರ ಮಾನ ಹೋಗುತ್ತೆ" ಅಂತ ನಿಮ್ಮಮ್ಮ ಅಂಜೋದು ಒಳ್ಳೇ ಮನಸ್ಸಿಂದ ಇರಬಹುದು. ಆದ್ರೆ ಬಾಕಿ ಇತ್ತು ಅಂದ್ರೆ ಮಾನ ಯಾರದ್ದು ಹೋಗುತ್ತೆ? ಬೆಳೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅಳೆಸಿಕೊಂಡವರದ್ದಾ, ಅಳೆಯೋಕಾಗದವರದ್ದಾ?

ಅಟ್ಟದ_ಪೆಟ್ಟಿಗೆ
ಅಕ್ಕಾ, ಇದನ್ನ ಮೂರು ಸಲ ಓದಿದೆ. ಉತ್ತರ ಇಲ್ಲ ನನ್ನ ಹತ್ರ.

ಒಂದು ವಿಷಯ ಮೊದಲು ಬರೆಯೋಕೆ ಮುಜುಗರ ಆಗಿತ್ತು, ಈಗ ಬರೀತೀನಿ. ಒಂದು ಪುಸ್ತಕದಲ್ಲಿ 'ವಿಕೃತಿ ಸಂ.' ಅಂತ ಇರೋ ಪುಟದಲ್ಲಿ ಎಲ್ಲರ ಹೆಸರ ಮುಂದೂ ಲೆಕ್ಕ ಇದೆ. ಮುಂದಿನ 'ಖರ ಸಂ.' ಪುಟದಲ್ಲಿ ಹನ್ನೊಂದು ಹೆಸರ ಮುಂದೆ ಬರೀ ಗೀಟು. ಅಜ್ಜನ ಅಪ್ಪನ ಕಾಲದ್ದು, 1891ರದ್ದು ಅಂತ ಚಿಕ್ಕಪ್ಪ ಹೇಳ್ತಾರೆ. ಬರಗಾಲ ಇದ್ದಿರಬಹುದಂತೆ.

ನಿವೃತ್ತ_ಮೇಷ್ಟ್ರು
ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗುತ್ತೆ ತಮ್ಮಾ. ಖರ 1891-92ರಲ್ಲೂ ಬಂದಿತ್ತು, 1951-52ರಲ್ಲೂ ಬಂತು, ಮತ್ತೆ 2011-12ರಲ್ಲಿ. ಪುಸ್ತಕದ ಕಾಗದ ಎಂಥದ್ದು? ಗೀಟು ಹಾಕಿದ ಅಚ್ಚಿನ ಪುಸ್ತಕವೋ, ಕೈಯಲ್ಲಿ ಹೊಲಿದದ್ದೋ? ಮಸಿ ಯಾವುದು? ಬರೆದವರು ನಿನ್ನ ಅಜ್ಜನೇ ಆಗಿದ್ದರೆ 1891 ಹೇಗೆ ಸಾಧ್ಯ?

ಅಟ್ಟದ_ಪೆಟ್ಟಿಗೆ
ಅಚ್ಚಾದ ಗೀಟಿನ ಪುಸ್ತಕ ಸಾರ್. ನೀಲಿ ಮಸಿ. ಅಕ್ಷರ ಅಜ್ಜನದ್ದೇ ಅಂತ ಅಮ್ಮ ಹೇಳ್ತಾರೆ. ಅಜ್ಜ ಸತ್ತಿದ್ದು ನಾನು ಐದನೇ ಕ್ಲಾಸಲ್ಲಿದ್ದಾಗ.

ನಿವೃತ್ತ_ಮೇಷ್ಟ್ರು
ಹಾಗಾದರೆ 1951. ಸಾಗರ ತಾಲ್ಲೂಕು. ಹನ್ನೊಂದು ಗೀಟು. ಇನ್ನು ನಾನು ಹೇಳಬೇಕಿಲ್ಲ ಅಂದುಕೊಂಡಿದೀನಿ.

ದೊಡ್ಡಬಳ್ಳಾಪುರ_ಸೀನ
ಹೇಳಿ ಸಾರ್, ನಮಗೆ ಗೊತ್ತಾಗಲಿಲ್ಲ.

ಗೇಣಿ_ಮೊಮ್ಮಗಳು
ಕಾಗೋಡು.

ನಿವೃತ್ತ_ಮೇಷ್ಟ್ರು
ಹೌದು, ಕಾಗೋಡು ಸತ್ಯಾಗ್ರಹ, ಗೇಣಿ ರೈತರು ಒಡೆಯರ ವಿರುದ್ಧ ನಡೆಸಿದ ಹೋರಾಟ. 1951ರ ಏಪ್ರಿಲ್‌ನಲ್ಲಿ ಶುರು. ಯುಗಾದಿ ಕಳೆದು ಖರ ಸಂವತ್ಸರ ಆಗಷ್ಟೇ ಹುಟ್ಟಿತ್ತು. ಗೇಣಿದಾರರಲ್ಲಿ ಬಹುಪಾಲು ದೀವರ ಸಮುದಾಯದವರು. ಜಗಳ ಮೊದಲಿಗೆ ಎದ್ದದ್ದು ಕೊಳಗದ (ಧಾನ್ಯ ಅಳೆಯುವ ಪಾತ್ರೆ) ಅಳತೆಯ ಮೇಲೆ. ಎಚ್. ಗಣಪತಿಯಪ್ಪನವರು ರೈತರನ್ನ ಸಂಘಟಿಸಿದ್ರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿ ಪಕ್ಷದವರು ಸೇರಿಕೊಂಡ್ರು, ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಸಾಗರದಲ್ಲಿ ಬಂಧನಕ್ಕೊಳಗಾದ್ರು. ಊಳುವವನೇ ಒಡೆಯ ಅಂತ 1974ರಲ್ಲಿ ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂದ ತಿದ್ದುಪಡಿಗೆ ಬೀಜ ಬಿದ್ದ ಜಾಗಗಳಲ್ಲಿ ಇದೂ ಒಂದು.

ಆದರೆ ಒಂದು ಎಚ್ಚರಿಕೆ. ಗೀಟು ಇದೆ ಅಂದ ಮಾತ್ರಕ್ಕೆ ಆ ಹನ್ನೊಂದು ಜನ ಸತ್ಯಾಗ್ರಹಿಗಳು ಅಂತ ನಾಳೆಯೇ ಬೋರ್ಡ್ ಬರೆಸಬೇಡಿ. ಗೇಣಿ ಬಿಡಿಸಿದ್ದಿರಬಹುದು, ಕೊಡದೆ ನಿಂತದ್ದಿರಬಹುದು, ಊರು ಬಿಟ್ಟಿರಬಹುದು, ಅಥವಾ ಆ ವರ್ಷ ಲೆಕ್ಕ ಬೇರೆ ಪುಸ್ತಕಕ್ಕೆ ಹೋಗಿರಬಹುದು. ಪಕ್ಕದ ಮನೆಗಳ ಪುಸ್ತಕ ಸಿಕ್ಕಿದ್ರೆ ತಾಳೆ ನೋಡಬಹುದು. ಒಂದೇ ಮನೆಯ ಕಾಗದ ಒಂದೇ ಕಣ್ಣಿನ ಸಾಕ್ಷಿ.

ಹುಬ್ಬಳ್ಳಿ_ಮಂದಿ
ಈಗ ನಾ ಸ್ವಲ್ಪ ಮೆತ್ತಗಾದೆ. ಕೊಡ್ರಿ, ಆದ್ರ ಮನಿ ಬಿಟ್ಟು ಕಳಿಸಬ್ಯಾಡ್ರಿ. ಕೂತು ಮಾಡಿಸ್ರಿ, ನಡುಕ ಎದ್ದು ಚಾ ಕುಡ್ಯಾಕೂ ಹೋಗಬ್ಯಾಡ್ರಿ.

ಕಡಲ_ಕರೆ
ಸಂಶಯ ಇನ್ನೂ ಹೋಗಲಿಲ್ಲ ನಂಗೆ. 1905ರಲ್ಲಿ ಒಬ್ಬರು ಪಂಡಿತರು ತಂಜಾವೂರು ಕಡೆಯಿಂದ ತಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಂದು ತಾಳೆಗರಿ ಕಟ್ಟು ಕೊಟ್ಟರು. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚಾಯ್ತು. ಶಾಮಶಾಸ್ತ್ರಿಗಳ ಹೆಸರು ಎಲ್ಲರಿಗೂ ಗೊತ್ತುಂಟು. ತಂದು ಕೊಟ್ಟವರ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತು ಹೇಳಿ? ನಾಳೆ ಈ ಟ್ರಸ್ಟಿನವರ ಹೆಸರು ಪೇಪರಲ್ಲಿ ಬರ್ತದೆ, ಅಮ್ಮನ ಹೆಸರು ಬರುವುದಿಲ್ಲ.

ಶರಾವತಿ_ಹಿನ್ನೀರು
ಆ ಪಂಡಿತರು ಕೊಡದೆ ಅಟ್ಟದಲ್ಲೇ ಇಟ್ಟುಕೊಂಡಿದ್ರೆ? ಇಬ್ಬರ ಹೆಸರೂ ಇಲ್ಲ, ಅರ್ಥಶಾಸ್ತ್ರವೂ ಇಲ್ಲ.

ಲಿಪಿಕಾರ
ಇಬ್ಬರದ್ದೂ ನಿಜ. ನನ್ನ ಅನುಭವದ ಮಾತು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಶಾಸನದ ಲೋಕ ನೋಡಿ. ಬಿ.ಎಲ್. ರೈಸ್ ಊರೂರಿಗೆ ಜನ ಕಳಿಸಿ ಓದಿಸಿ 'ಎಪಿಗ್ರಾಫಿಯಾ ಕರ್ನಾಟಿಕ' ಅನ್ನೋ ಶಾಸನ ಸಂಪುಟಗಳನ್ನ ಮಾಡಿದ್ರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಇವತ್ತು ಅದನ್ನ ಹಿಡಿದು ಹೊರಟ್ರೆ ಎಷ್ಟೋ ಕಲ್ಲು ಇಲ್ಲವೇ ಇಲ್ಲ. ರಸ್ತೆ ಅಡಿಗೆ, ಸೈಟ್ ಅಡಿಗೆ, ನಿಧಿ ಇದೆ ಅಂತ ಒಡೆದವರ ಗುದ್ದಲಿಗೆ ಹೋಗಿವೆ. ಪುಸ್ತಕದಲ್ಲಿರೋ ಓದು ಮಾತ್ರ ಉಳಿದಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ಹೊತ್ತಿಗೆ ಸಿಕ್ಕಿದ ಕಿತ್ತಯ್ಯನ ವೀರಗಲ್ಲು ಗೊತ್ತಲ್ಲ, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಬೆಂಗಳೂರಿನ ಅತಿ ಹಳೇ ಕನ್ನಡ ಶಾಸನ. ಅದನ್ನ ಉಳಿಸಿದ್ದು ಶಾಸನದ ಹುಚ್ಚು ಹಿಡಿದ ಸಾಮಾನ್ಯ ಜನ ಮತ್ತು ಅಲ್ಲಿಯ ಊರವರು. ಈಗ ಅದಕ್ಕೆ ಮಂಟಪ ಇದೆ. 1909ರಷ್ಟು ಹಳೇ ಸಂಸ್ಥೆ ಮಿಥಿಕ್ ಸೊಸೈಟಿ, 2021ರಿಂದ ಬೆಂಗಳೂರು ಸುತ್ತಲಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಿದೆ. ಸುಣ್ಣ ಬಳಿದು ಬಳಿದು ಸವೆದ ಅಕ್ಷರ ಕೂಡ ಕಂಪ್ಯೂಟರಲ್ಲಿ ಬೆಳಕು ಓರೆಯಾಗಿ ಬಿಟ್ಟರೆ ಎದ್ದು ಕಾಣುತ್ತೆ.

ಆದ್ರೆ ಯಂತ್ರದ್ದು ಅಲ್ಲಿಗೇ ಮುಗೀತು. ಯಾವುದೋ ಒಂದು ಕಲ್ಲನ್ನ ಊರವರು ಯಾಕೆ 'ಕಳ್ಳಮ್ಮ' ಅಂತ ಕರೀತಾರೆ, ಯಾಕೆ ವರ್ಷಕ್ಕೊಂದು ದಿನ ಕೋಳಿ ಕೊಯ್ತಾರೆ, ಇದು ಮೊದಲು ಎಲ್ಲಿತ್ತು, ಇದನ್ನೆಲ್ಲ ಸ್ಕ್ಯಾನರ್ ಹೇಳಲ್ಲ. ನಿಮ್ಮ ಟ್ರಂಕಿಗೂ ಇದೇ ಮಾತು. ನಾಲ್ಕು ಗುಂಪು ಫೋಟೋ ಅಂದ್ರಲ್ಲ, ಅದರಲ್ಲಿರೋರ ಹೆಸರು ಇವತ್ತಿಗೆ ನಿಮ್ಮಮ್ಮನಿಗೆ ಮಾತ್ರ ಗೊತ್ತು. ಪುಸ್ತಕದ ಸ್ಕ್ಯಾನಿಂಗ್ ಮುಂದಿನ ತಿಂಗಳಾದ್ರೂ ಆದೀತು. ಅಮ್ಮನ್ನ ಕೂರಿಸಿಕೊಂಡು ಮೊಬೈಲಲ್ಲಿ ರೆಕಾರ್ಡ್ ಮಾಡೋದು ಈ ಭಾನುವಾರವೇ ಆಗಲಿ. ಆಮೇಲೆ ಟ್ರಸ್ಟಿನವರಿಗೆ ಬರವಣಿಗೆಯಲ್ಲಿ ಹೇಳಿ: "ಕೊಟ್ಟವರು, ವಿವರಿಸಿದವರು" ಅಂತ ಅಮ್ಮನ ಹೆಸರು ಪ್ರತಿ ಚಿತ್ರದ ಜೊತೆಗೂ ಇರಬೇಕು, ಅವರು ಬೇಡ ಅನ್ನದಿದ್ದರೆ.

ಗೇಣಿ_ಮೊಮ್ಮಗಳು
ಅಮ್ಮನ ಜೊತೆ ಒಕ್ಕಲ ಮನೆಯ ಹಿರಿಯರೊಬ್ಬರನ್ನೂ ಕೂರಿಸಿ. ಒಡೆಯರ ಮನೆಯವರು ಮಾತ್ರ ವಿವರಿಸಿದ್ರೆ ಮತ್ತೆ ಅದೇ ಲೆಕ್ಕ.

ನ್ಯೂಜೆರ್ಸಿ_ಸಾಗರ
ಇದು ಸರಿ. ಆದ್ರೆ ಸಾಲದ ವಿವರ, ಜಾತಿ ಎಲ್ಲಾ ಹಾಗೇ ಗೂಗಲಿಗೆ ಸಿಗೋ ಹಾಗೆ ಹಾಕಬೇಕಾ? ಇಲ್ಲಿ ಕೆಲವು ಸಂಗ್ರಹಗಳಲ್ಲಿ ಇಂತಿಷ್ಟು ವರ್ಷ ಮುಚ್ಚಿಟ್ಟು ಆಮೇಲೆ ತೆರೀತಾರೆ. ಸ್ಕ್ಯಾನ್ ಈಗ, ಬಹಿರಂಗ ಆಮೇಲೆ.

ಗೇಣಿ_ಮೊಮ್ಮಗಳು
ಎಷ್ಟು ವರ್ಷ ಅನ್ನೋದನ್ನ ಯಾರು ಹೇಳಬೇಕು? ಆ ಹೆಸರಿನವರ ಮನೆಯವರು ಹೇಳಲಿ. ಸಾಲದ ಪುಟ ಬೇಡ ಅಂದ್ರೆ ಅದನ್ನ ಮುಚ್ಚಿಡಿ. ಗೇಣಿ ಪುಟ ಮುಚ್ಚಿಡಬೇಡಿ.

ದೊಡ್ಡಬಳ್ಳಾಪುರ_ಸೀನ
ಹಳೇ ಲೆಕ್ಕ ಆಚೆ ಬಂದ್ರೆ ಜಮೀನು ಕೇಸ್ ಗೀಸ್ ಆಗಲ್ವಾ ಸಾರ್? ನಮ್ಮ ಕಡೆ ಆಗಿದ್ರೆ ಇಷ್ಟೊತ್ತಿಗೆ ಇಬ್ಬರು ಲಾಯರ್ ಮನೆ ಮುಂದೆ ಇರ್ತಿದ್ರು.

ನಿವೃತ್ತ_ಮೇಷ್ಟ್ರು
ಗೇಣಿದಾರರು ಭೂಮಿ ತಮ್ಮ ಹೆಸರಿಗೆ ಮಾಡಿಕೊಡಿ ಅಂತ ಫಾರಂ ನಂಬರ್ 7 ಹಾಕುವ ಕಾಲ ಎಂದೋ ಮುಗಿಯಿತಪ್ಪ. ಆದರೂ ಪತ್ರದ ಕಟ್ಟಿನಲ್ಲಿ ಕ್ರಯಪತ್ರ, ಭೋಗ್ಯಪತ್ರ ಇದ್ದರೆ ಅವನ್ನ ಬೇರೆ ಇಟ್ಟು ಗೊತ್ತಿರೋ ವಕೀಲರಿಗೆ ತೋರಿಸೋದು ಒಳ್ಳೇದು.

ಅಂದಹಾಗೆ ಆ ಕಡತದಲ್ಲಿ ಏನಿದೆ? ಹುಣಸೆ ಬೀಜದ ಅಂಟು, ಇದ್ದಿಲು ಬಳಿದ ಬಟ್ಟೆ, ಬಳಪದಲ್ಲಿ ಬರೆದದ್ದು. ಕೈ ತಾಗಿದ್ರೆ ಅಳಿಸುತ್ತೆ. ಬಿಚ್ಚಬೇಡ. ಪುಸ್ತಕಕ್ಕಿಂತ ಮೊದಲು ಅದರ ಫೋಟೋ ತೆಗೆಸು. ಕೆಳದಿ ಮ್ಯೂಸಿಯಂ ನಿಮಗೆ ಹತ್ತಿರವೇ ಇದೆ, ಕಡತ, ತಾಳೆಗರಿ ನೋಡಿ ಪಳಗಿದ ಜಾಗ. ಅಲ್ಲಿ ಕೇಳಿದ್ರೆ ದಾರಿ ಹೇಳ್ತಾರೆ.

ಗೇಣಿ_ಮೊಮ್ಮಗಳು
ಇನ್ನೊಂದು ಕೇಳ್ಲಾ? ಅಟ್ಟದಲ್ಲಿ ಕೊಳಗ ಇತ್ತಾ?

ಅಟ್ಟದ_ಪೆಟ್ಟಿಗೆ
ಅಟ್ಟದಲ್ಲಿ ಅಲ್ಲ. ಜಗಲಿಯಲ್ಲಿ ಒಂದು ಇದೆ, ನಾವು ಅದರಲ್ಲಿ ಕೊಡೆ ನಿಲ್ಲಿಸ್ತೀವಿ. ಯಾಕೆ?

ಗೇಣಿ_ಮೊಮ್ಮಗಳು
ಒಂದೇನಾ, ಎರಡಾ?

ನಮ್ಮಜ್ಜ ಹೇಳ್ತಿದ್ರು, ಅಳೆದು ಕೊಡೋ ಕೊಳಗ ಬೇರೆ, ಅಳೆಸಿಕೊಳ್ಳೋ ಕೊಳಗ ಬೇರೆ ಅಂತ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದೊಂದು ಕೊಳಗದಲ್ಲಿ ಅರ್ಧ ಸೇರು ವ್ಯತ್ಯಾಸ ಅಂದ್ರೂ ಖಂಡುಗಕ್ಕೆ ಹತ್ತು ಸೇರು. ಪುಸ್ತಕ ಸ್ಕ್ಯಾನ್ ಮಾಡಿ ಕೊಳಗ ಬಿಟ್ಟರೆ ಆ ಲೆಕ್ಕ ಓದಿದ ಹಾಗೆ ಆಗಲ್ಲ.

ಲಿಪಿಕಾರ
ಹತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಇದು ಹೊಳೆದಿರಲಿಲ್ಲ.

ಅಟ್ಟದ_ಪೆಟ್ಟಿಗೆ
ಹತ್ತು ದಿನ ಬಿಟ್ಟು ಬರೀತಿದೀನಿ, ಕ್ಷಮಿಸಿ. ಊರಿಗೆ ಬಂದಿದೀನಿ.

ಅಮ್ಮ ಬೀಗದಕೈ ಕೊಟ್ರು. ಕಡೆಗೆ ಒಪ್ಪಿಸಿದ್ದು ನಾನಲ್ಲ, ಒರಲೆ. ಮೂರನೇ ಪುಸ್ತಕಕ್ಕೂ ಹತ್ತಿತ್ತು. ಟ್ರಸ್ಟಿನವರು ಶನಿವಾರ ಬರ್ತಾರೆ, ಜಗಲಿಯಲ್ಲೇ ಕೆಲಸ, ಸಂಜೆ ಎಲ್ಲದರ ಪ್ರತಿ ಪೆನ್‌ಡ್ರೈವಲ್ಲಿ ಕೊಟ್ಟು ಹೋಗೋದು ಅಂತ ಮಾತಾಗಿದೆ. ಬರೆದೂ ಕೊಟ್ಟಿದಾರೆ. ಸಾಲದ ಪುಟ ಸದ್ಯ ಮುಚ್ಚಿಡೋದು. ಖರ ಸಂವತ್ಸರದ ಪುಟದ ಫೋಟೋ ತಗೊಂಡು ಕ್ಲಾಸ್‌ಮೇಟ್ ಮನೆಗೆ ಹೋಗಿದ್ದೆ. ಅವನ ಅಜ್ಜಿಗೆ ತೊಂಬತ್ತರ ಹತ್ತಿರ. ಹನ್ನೊಂದು ಹೆಸರು ಓದಿ ಹೇಳಿದೆ. ಒಂಬತ್ತನೇದಕ್ಕೆ "ಅದು ನಮ್ಮ ಮಾವ" ಅಂದ್ರು. ಶನಿವಾರ ನಮ್ಮ ಮನೆಗೆ ಬರ್ತೀರಾ ಅಂತ ಕೇಳಿದೆ. "ನಿಮ್ಮ ಜಗಲಿ ನಾ ಹತ್ತಿಲ್ಲ ಇವತ್ತಿನವರೆಗೆ" ಅಂದ್ರು. ಹಾಗಾಗಿ ಅರ್ಧ ದಿನ ಕ್ಯಾಮೆರಾ ಅವರ ಮನೆಗೆ ಹೋಗುತ್ತೆ.

ಗೇಣಿ_ಮೊಮ್ಮಗಳು
ಕೊಳಗ?

ಅಟ್ಟದ_ಪೆಟ್ಟಿಗೆ
ಎರಡಿದೆ. ಇನ್ನೊಂದು ಕೊಟ್ಟಿಗೆಯಲ್ಲಿ ಹಿಂಡಿ ಹಾಕಿಡೋಕೆ ಬಳಸ್ತಿದ್ರಂತೆ. ಅಕ್ಕಿ ತುಂಬಿಸಿ ಅಳೆದು ನೋಡಿದೆ. ಒಂದೇ ಅಲ್ಲ.

ಹುಬ್ಬಳ್ಳಿ_ಮಂದಿ
ಫೋಟೋ ಹಾಕ್ರಿ.

ದೊಡ್ಡಬಳ್ಳಾಪುರ_ಸೀನ
ಫೋಟೋ ಫೋಟೋ

ಅಟ್ಟದ_ಪೆಟ್ಟಿಗೆ
ಪಕ್ಕಪಕ್ಕ ಇಟ್ಟು ತೆಗೆದೂ ಆಗಿದೆ. ಹಾಕಬೇಡ ಅಂತ ಅಮ್ಮ ಹೇಳಿ ಈಗಷ್ಟೇ ಮಲಗಿದಾರೆ. ಶನಿವಾರದವರೆಗೆ ಟೈಮ್ ಕೊಡಿ.